ಅಕ್ಕನಿಗೊಂದು ಎಂಟು ಸಿಲಿಂಡರಿನ ಕಾರು

ಪ್ಲೇನ್ಸ್‌ಬರೋ

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಎರಡು ಕಾರುಗಳ ಅಡಿಭಾಗದ ಫೋಟೋ. ಹುಬ್ಬಳ್ಳಿಯಲ್ಲಿ ಮೂವತ್ತೈದು ವರ್ಷದಿಂದ ಗ್ಯಾರೇಜು ನಡೆಸುವವನಿಗೆ ಗಾಡಿಯ ಅಡಿ ನೋಡುವುದು ಹೊಸದಲ್ಲ. ಆದರೂ ಆ ಎರಡನೆಯ ಕಾರಿನ ಫೋಟೋವನ್ನು ನಾನು ಮತ್ತೆ ತೆರೆದು ನೋಡಿಲ್ಲ.

ನನ್ನನ್ನು ಕರೆಸಿಕೊಂಡವಳು ಗಿರಿಜಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಟೆಲಿಫೋನ್ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ಹೋದ ವರ್ಷವಷ್ಟೇ ನಿವೃತ್ತಳಾದವಳು. ಅಕ್ಟೋಬರಿನ ಒಂದು ಬೆಳಿಗ್ಗೆ, ನ್ಯೂಜರ್ಸಿಯ ಅವಳ ಮನೆಯ ಅಡುಗೆಕಟ್ಟೆಯ ಮುಂದೆ ಕೂತು ನಾನು ಚಹಾ ಕುಡಿಯುತ್ತಿದ್ದೆ. ಕಿಟಕಿಯಾಚೆ, ಹುಲ್ಲಿನ ಮೇಲೆ, ಮೂರು ಜಿಂಕೆಗಳು ನಮ್ಮೂರ ಬೀದಿಯ ಆಕಳುಗಳ ಹಾಗೆ ನಿಂತಿದ್ದವು. ನಾನು ಬೆರಗಾಗಿ ಎದ್ದು ನಿಂತೆ.

"ಕೂಡು, ಅವು ದಿನಾ ಬರ್ತಾವು," ಎಂದಳು ಅಕ್ಕ. "ರಸ್ತಾದಾಗ ಅಡ್ಡ ಬಂದ್ರ ಮಾತ್ರ ತ್ರಾಸು. ಈ ಕಡೆ ಪ್ರತಿ ಮನ್ಯಾಗೂ ಒಬ್ಬರರ ಜಿಂಕಿಗೆ ಗಾಡಿ ಬಡಿಸಿದವರು ಸಿಗ್ತಾರ. ಅದಿರ್ಲಿ. ಬಸೂ, ನಿನ್ನ ಸುಮ್ಮನ ಕರಸಿಲ್ಲ. ನನಗೊಂದು ಗಾಡಿ ನೋಡಿಕೊಡಬೇಕು."

ಅವಳಿಗೆ ಅರವತ್ತಮೂರು. ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹತ್ತಲು ಇಳಿಯಲು ಸುಲಭವಾದ, ಎಣ್ಣೆ ಕಡಿಮೆ ಕುಡಿಯುವ ಸಣ್ಣ ಜಪಾನೀ ಕಾರು ಎಂದು ನಾನು ಮನಸ್ಸಿನಲ್ಲೇ ಆರಿಸಿಬಿಟ್ಟೆ. ಅವಳು ಫೋನು ನನ್ನ ಮುಂದೆ ಹಿಡಿದಳು. ಕರೀ ಕಾರು. ಮೂತಿ ತಗ್ಗು, ದೀಪಗಳು ಸಿಟ್ಟಿನವನ ಕಣ್ಣಿನಂತೆ ಕಿರಿದು, ಹಿಂದಿನ ಗಾಲಿಗಳು ನನ್ನ ಅಂಗೈಯ ಎರಡರಷ್ಟು ಅಗಲ. ಹಿಂದೊಮ್ಮೆ ಇಲ್ಲಿನ ಹುಡುಗರು ಪಂದ್ಯ ಕಟ್ಟಿ ಓಡಿಸುತ್ತಿದ್ದ ಎರಡು ಬಾಗಿಲಿನ ಗಾಡಿಗಳ ವಂಶದ್ದು. ಈಗ ಸಂಸಾರಸ್ಥರಿಗಾಗಿ ನಾಲ್ಕು ಬಾಗಿಲು ಬಂದಿವೆ, ಹಿಂದೆ ಕೂಸಿನ ಸೀಟು ಕಟ್ಟಲೂ ಜಾಗವಿದೆ. ಬಾನೆಟ್ಟಿನ ಕೆಳಗೆ ಮಾತ್ರ ಅದೇ ಎಂಟು ಸಿಲಿಂಡರು, ನಾನೂರ ಎಂಬತ್ತು ಕುದುರೆಗಳ ಬಲ. ನಮ್ಮೂರ ಸಿಟಿ ಬಸ್ಸಿನ ಎಂಜಿನ್ನಿಗೆ ಇದರ ಅರ್ಧವೂ ಇಲ್ಲ.

"ಅಕ್ಕಾ, ಇದನ್ನ ಯಾರು ಓಡಸ್ತಾರ?"

"ನಾನು."

"ಭಾವ ಏನಂತಾರ?"

"ನಿಮ್ಮಪ್ಪನ ಮನಿ ಹುಚ್ಚು ಅಂತಾರ," ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಬಸೂ, ಗಾಡಿ ಓಣಿ ತಿರುಗೂದ್ರಾಗ ಸಪ್ಪಳ ಕೇಳಿ ಇದು ಯಾವ ಗಾಡಿ ಅಂತ ಯಾರು ಹೇಳ್ತಿದ್ರು? ನೀನೋ ನಾನೋ?"

"ನೀನ."

"ಗ್ಯಾರೇಜಿಗೆ ಯಾರನ್ನ ಕರಕೊಂಡು ಹೋದ್ರು ಅಪ್ಪ?"

ನನ್ನನ್ನೇ. ತಮ್ಮ ಗ್ಯಾರೇಜಿನಲ್ಲಿ ಅಪ್ಪ ನನ್ನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟರು, ಅವಳ ಕೈಗೆ ಗಣಿತದ ಪುಸ್ತಕ ಕೊಟ್ಟರು. ಅವಳಿಗೆ ಒಳ್ಳೆಯದೇ ಆಯಿತೆಂದು ನಾವೆಲ್ಲ ಐವತ್ತು ವರ್ಷ ತಿಳಿದಿದ್ದೆವು. ಅವಳಿಗೆ ಪಾನಾ ಬೇಕಿತ್ತು ಎಂಬುದು ನನಗೆ ಆ ಬೆಳಿಗ್ಗೆಯೇ ಗೊತ್ತಾದದ್ದು.

"ಇಲ್ಲಿಗೆ ಬಂದ ವರ್ಷ ಬಸ್ ಸ್ಟಾಪಿನಾಗ ನಿಂತಿರ್ತಿದ್ದೆ. ಇಂಥಾ ಗಾಡಿ ಒಂದು ದಿನಾ ಹೋಗ್ತಿತ್ತು. ಎದಿಯೊಳಗ ನಡಕೊಂಡು ಹೋದಂಗ ಆಗ್ತಿತ್ತು ಸಪ್ಪಳ. ಆಮ್ಯಾಲೆ ಮೂವತ್ತು ವರ್ಷ ಮಿನಿವ್ಯಾನ್ ಓಡಸ್ದೆ. ಹೊಸಾ ಮಾಡೆಲ್‌ದಾಗ ಈ ಎಂಜಿನ್ ಹಾಕೂದು ಬಿಟ್ಟಾರ. ಹಳೇದ ನೋಡಬೇಕು. ಹಳೇದು ಅಂದ್ರ ನಿನ್ನ ಕಣ್ಣು ಬೇಕು."

ಪಿಸ್ಕಾಟವೇ

ಮೊದಲ ಕಾರು ವಿಶ್ವವಿದ್ಯಾಲಯದ ಹತ್ತಿರ ಇತ್ತು. ಮಾರುವವಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಒಬ್ಬ ಅಮೆರಿಕನ್ ಹುಡುಗಿ. ಅಂಥ ತೆಳ್ಳಗಿನ ಹುಡುಗಿ ಅಂಥ ಗಾಡಿಯಿಂದ ಇಳಿದದ್ದೇ ನನಗೆ ಆಶ್ಚರ್ಯ. ಅವಳು ಅಕ್ಕನ ಕೈಗೆ ಕೀಲಿ ಕೊಟ್ಟು, ತನಗೆ ಪ್ರಯೋಗಾಲಯದಲ್ಲಿ ಕೆಲಸವಿದೆ, ಅರ್ಧ ಗಂಟೆ ಓಡಿಸಿಕೊಂಡು ಬನ್ನಿ ಎಂದು ಹೇಳಿ ಒಳಗೆ ಹೋಗಿಬಿಟ್ಟಳು. ಹೆಸರು ಕೇಳಲಿಲ್ಲ, ನಮ್ಮ ಗಾಡಿಯ ಕೀಲಿ ಇಟ್ಟುಕೊಳ್ಳಲಿಲ್ಲ. ನಾನು ನನ್ನ ಗ್ಯಾರೇಜಿನ ಹಳೇ ಸ್ಕೂಟರನ್ನು ಪಕ್ಕದ ಅಂಗಡಿಯವನಿಗೆ ಕೊಡುವಾಗಲೂ ಎಲ್ಲಿಗೆ, ಯಾಕೆ ಎಂದು ಎರಡು ಸಲ ಕೇಳುತ್ತೇನೆ.

ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ಅಕ್ಕ ಕಾಲು ಒತ್ತಿದಳು. ನನ್ನ ತಲೆ ಸೀಟಿಗೆ ಬಡಿಯಿತು. ಟೋಪಿ ಹಿಂದಿನ ಸೀಟಿಗೆ ಹಾರಿತು. ಮೂರು ಎಣಿಸುವಷ್ಟರಲ್ಲಿ ಮರಗಳು ಬಣ್ಣದ ಪಟ್ಟಿಯಾಗಿಬಿಟ್ಟವು. ನಾನು "ಅವ್ವಾ" ಎಂದೆನೆಂದು ಅಕ್ಕ ಈಗಲೂ ಹೇಳುತ್ತಾಳೆ. ಅವಳ ಮುಖ ಮಾತ್ರ ಪೂಜೆಗೆ ಕೂತವಳಷ್ಟು ಶಾಂತವಾಗಿತ್ತು.

ಆಮೇಲೆ ಹಿಂದೆ ಕೆಂಪು ನೀಲಿ ದೀಪ ಕಂಡಿತು. ಅಕ್ಕ ಗಾಡಿಯನ್ನು ಅಂಚಿಗೆ ನಿಲ್ಲಿಸಿದಳು. ಪೊಲೀಸರು ನಿಲ್ಲಿಸಿದರೆ ಇಳಿದು ಹೋಗಿ, ಕೈಮುಗಿದು, ನಾಲ್ಕು ಮಾತಾಡಬೇಕು ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅಕ್ಕ "ಬಸೂ, ಇಳೀಬ್ಯಾಡ" ಎನ್ನುವಷ್ಟರಲ್ಲಿ ನಾನು ಬಾಗಿಲು ತೆಗೆದು ಎರಡು ಹೆಜ್ಜೆ ಇಟ್ಟಾಗಿತ್ತು. ಧ್ವನಿವರ್ಧಕದಲ್ಲಿ ಒಂದು ಗುಡುಗು ಬಂತು. ಆ ಅಧಿಕಾರಿ ತನ್ನ ಗಾಡಿಯ ಬಾಗಿಲಿನ ಹಿಂದೆ ನಿಂತಿದ್ದ. ಬಲಗೈ ಸೊಂಟದ ಪಿಸ್ತೂಲಿನ ಮೇಲಿತ್ತು. ಮುಗಿದ ನನ್ನ ಕೈಗಳು ಅವನಿಗೆ ಏನಾಗಿ ಕಂಡವೋ. ನಾನು ಆ ಕೈಗಳನ್ನು ಹಾಗೇ ಮೇಲೆತ್ತಿ, ಹಿಂದೆ ಹಿಂದೆ ನಡೆದು, ಸೀಟಿನಲ್ಲಿ ಕೂತೆ.

ಅಕ್ಕ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲೆ ಇಟ್ಟುಕೊಂಡು, ತಮ್ಮ ಮೊನ್ನೆಯಷ್ಟೇ ಇಂಡಿಯಾದಿಂದ ಬಂದಿದ್ದಾನೆ, ಅಲ್ಲಿ ಹಾಗೆ ಇಳಿಯುವುದೇ ಗೌರವ ಎಂದು ವಿವರಿಸಿದಳು. ಅವನು ಬಗ್ಗಿ ನನ್ನನ್ನು ನೋಡಿದ. ಎಚ್ಚರಿಕೆ ಕೊಟ್ಟು ಬಿಟ್ಟ.

"ಇನ್ನೊಂದು ಹೆಜ್ಜಿ ಇಟ್ಟಿದ್ರ ಏನಾಗ್ತಿತ್ತು ಗೊತ್ತೇನು ನಿನಗ?" ಎಂದಳು ಅಕ್ಕ.

ಆ ಕಾರನ್ನು ನಾವು ಕೊಳ್ಳಲಿಲ್ಲ. ನಿಂತಾಗ ಎಂಜಿನ್ನಿನ ಬಲಗಡೆಯಿಂದ ಹೊಲಿಗೆ ಯಂತ್ರದಂಥ ಟಕಟಕ ಬರುತ್ತಿತ್ತು. ನಾನು ಹೇಳುವ ಮೊದಲೇ ಅಕ್ಕ ತಲೆ ಅಲ್ಲಾಡಿಸಿದ್ದಳು.

ಫ್ಲೋರಲ್ ಪಾರ್ಕ್

ಎರಡನೆಯ ಕಾರು ನ್ಯೂಯಾರ್ಕಿನ ಕ್ವೀನ್ಸಿನಲ್ಲಿತ್ತು. ಅಕ್ಕನ ಗೆಳತಿಯೊಬ್ಬಳ ಮೂಲಕ ಗೊತ್ತಾದದ್ದು. ಮಾರುವವರು ಉಡುಪಿ ಕಡೆಯ ಕ್ರೈಸ್ತ ದಂಪತಿ, ಡೆನಿಸ್ ಮತ್ತು ಫ್ಲಾವಿಯಾ. ಇಬ್ಬರೂ ಅರವತ್ತು ದಾಟಿದವರು. ಡೆನಿಸ್ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದು, ಈಗ ಮದುವೆ ಊಟದ ವ್ಯವಸ್ಥೆ ಮಾಡಿಸುವವರು. ಕಾರು ಅವರ ಮಗ ಕೆವಿನ್‌ನದು. ಅವನಿಗೆ ಇಪ್ಪತ್ತೇಳು, ಮ್ಯಾನ್‌ಹಟನ್ನಿನಲ್ಲಿ ಕೆಲಸ. ನಾವು ಹೋದಾಗ ಅವನು ಆಫೀಸಿನಲ್ಲಿದ್ದ.

"ಬನ್ನಿ ಬನ್ನಿ, ಜರ್ಸಿಯಿಂದ ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿದ್ದೀರಿ," ಎಂದು ಫ್ಲಾವಿಯಾ ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದರು. ಮೇಜಿನ ಮೇಲೆ ಬಿಸಿ ಬನ್ಸು, ಚಟ್ನಿ ಕಾದಿದ್ದವು. ಕಾರು ನೋಡಲು ಬಂದವರನ್ನು ಹೀಗೆ ಕೂರಿಸಿ ತಿನ್ನಿಸುವವರು ಅಮೆರಿಕದಲ್ಲಿ ಇದ್ದಾರೆಂದು ನಾನು ಎಣಿಸಿರಲಿಲ್ಲ.

"ಯಾಕೆ ಮಾರುದು ಅಂದ್ರೆ," ಎಂದು ಫ್ಲಾವಿಯಾ ತಾವಾಗಿಯೇ ಹೇಳಿದರು, "ಬೇಸಿಗೆಯಲ್ಲಿ ಅವನಿಗೆ ಒಂದು ಜಿಂಕೆ ಅಡ್ಡ ಬಂತು. ದೊಡ್ಡದೆಂತ ಆಗ್ಲಿಲ್ಲ, ದೀಪ, ಬಂಪರ್ ಅಷ್ಟೇ. ಆದ್ರೆ ಅವ ಮತ್ತೆ ಕಾರ್ ಮುಟ್ಲೇ ಇಲ್ಲ. ಈಗ ಟ್ರೈನಲ್ಲೇ ಕಮ್ಯೂಟ್ ಮಾಡ್ತಾನೆ. ಪಾಪದ ಪ್ರಾಣಿ, ಮನಸ್ಸಿಗೆ ಹಿಡ್ಕೊಂಡಿದ್ದಾನೆ."

ಕಾರು ಮನೆಯ ಪಕ್ಕದ ಇಕ್ಕಟ್ಟಿನ ದಾರಿಯಲ್ಲಿ ಹೊದಿಕೆ ಹಾಕಿಕೊಂಡು ನಿಂತಿತ್ತು. ಡೆನಿಸ್ ಹೊದಿಕೆ ಎಳೆದರು. ಕಡು ಬೂದು ಬಣ್ಣ, ಒಂದು ಗೀರಿಲ್ಲ. ಅಕ್ಕ ಎಂಜಿನ್ ಚಾಲೂ ಮಾಡಿ, ಸೀಟಿನಲ್ಲೇ ಕಣ್ಣು ಮುಚ್ಚಿ ಕೂತಳು. ಎಂಟು ಸಿಲಿಂಡರಿನ ಉಸಿರು ಒಂದೇ ಸಮ ಬರುತ್ತಿತ್ತು. ಆಮೇಲೆ ಅವಳು ಕಣ್ಣು ತೆರೆದು ನನ್ನನ್ನು ನೋಡಿದಾಗ, ಚೌಕಾಸಿಗೆ ಇನ್ನು ಅರ್ಥವಿಲ್ಲವೆಂದು ನನಗೆ ತಿಳಿಯಿತು. ಇದೇ ಗಾಡಿ ಎಂದು ಅವಳು ಮನಸ್ಸಿನಲ್ಲಿ ಕೊಂಡಾಗಿತ್ತು.

ಅವಳು ಕಾಗದಪತ್ರ ನೋಡಲು ಒಳಗೆ ಹೋದಳು. ಯಾವ ಅಪಘಾತವನ್ನೂ ಆ ಕಾಗದದಲ್ಲಿ ದಾಖಲಿಸಿರಲಿಲ್ಲ. ನಾನು ನನ್ನ ಕೆಲಸ ಶುರು ಮಾಡಿದೆ.

ಮುಂದಿನ ಎರಡು ದೀಪಗಳಲ್ಲಿ ಎಡದ್ದು ಸ್ವಲ್ಪ ಮಬ್ಬಾಗಿತ್ತು, ಬಲದ್ದು ಹೊಚ್ಚ ಹೊಸದು. ಬಲಗಡೆಯ ಮಡ್ಗಾರ್ಡಿನ ಬೋಲ್ಟುಗಳಿಗೆ ಪಾನಾ ತಾಗಿ ಬಣ್ಣ ಎದ್ದಿತ್ತು. ಮುಂದಿನ ಗಾಜೂ ಬದಲಾಗಿತ್ತು. ಜಿಂಕೆ ಬಡಿದರೆ ಇಷ್ಟೆಲ್ಲ ಆಗಬಹುದು. ಆದರೆ ಪ್ರಾಣಿ ಬಡಿದ ಗಾಡಿಯ ರೇಡಿಯೇಟರಿನ ಸಂದಿಯಲ್ಲಿ ಕೂದಲು ಸಿಕ್ಕಿಕೊಳ್ಳುತ್ತದೆ, ವರ್ಷವಾದರೂ ಪೂರ್ತಿ ಹೋಗುವುದಿಲ್ಲ. ಎಮ್ಮೆ, ನಾಯಿ, ಹಂದಿ ಎಲ್ಲವನ್ನೂ ನಾನು ನನ್ನ ಗ್ಯಾರೇಜಿನಲ್ಲಿ ಚಿಮಟದಿಂದ ಹೆಕ್ಕಿದ್ದೇನೆ. ಇಲ್ಲಿ ಒಂದೂ ಕೂದಲಿರಲಿಲ್ಲ.

ನಾನು ಹೊದಿಕೆಯನ್ನೇ ಹಾಸಿಕೊಂಡು ಕಾರಿನ ಕೆಳಗೆ ಜಾರಿದೆ. ಡೆನಿಸ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದರು. ಕೆಳಗಿನ ಪ್ಲಾಸ್ಟಿಕ್ ಹಾಳೆಯ ಎರಡು ಕ್ಲಿಪ್ಪು ಹೋಗಿದ್ದವು. ಜೋತುಬಿದ್ದ ಆ ಮೂಲೆಯನ್ನು ಬಗ್ಗಿಸಿ ಒಳಗೆ ನೋಡಿದೆ. ಕಬ್ಬಿಣದ ಅಡ್ಡಪಟ್ಟಿಗೂ ಹಾಳೆಗೂ ನಡುವೆ ಸಣ್ಣದೊಂದು ತಂತಿ ಸಿಕ್ಕಿಕೊಂಡಿತ್ತು. ಅಭ್ಯಾಸಬಲದಿಂದ ಒಂದು ಫೋಟೋ ತೆಗೆದು, ತಂತಿಯನ್ನು ಎಳೆದೆ.

ಬಾಗಿದ ಸೈಕಲ್ ಕಡ್ಡಿ. ಗಾಲಿಯ ಕಡ್ಡಿ. ಅದರ ತುದಿಗೆ, ರಾತ್ರಿ ಹೊಳೆಯಲೆಂದು ಕಡ್ಡಿಗಳಿಗೆ ಕಟ್ಟುತ್ತಾರಲ್ಲ, ಆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನ ಚೂರು ಅಂಟಿತ್ತು.

ನಾನು ಮಲಗಿದ ಹಾಗೇ ಅದನ್ನು ನೋಡಿದೆ. ತಲೆ ಹೊರಳಿಸಿದರೆ ಡೆನಿಸ್ ನೋಡುತ್ತಿದ್ದುದು ಕಡ್ಡಿಯನ್ನಲ್ಲ, ನನ್ನ ಮುಖವನ್ನು.

"ಅದನ್ನು ನನಗೆ ಕೊಡಿ," ಎಂದರು, ಬಹಳ ಮೆಲ್ಲಗೆ.

ನಾನು ಹೊರಗೆ ಬಂದು ಎದ್ದು ಕೂತೆ.

"ನೀವು ಊರಿನವರು. ಇನ್ನೆರಡು ವಾರಕ್ಕೆ ಹೋಗುವವರು. ಕಾರ್ ಬೇಡ ಅಂತ ಹೇಳಿ, ಹೋಗಿ. ನಾನು ಬೇಜಾರು ಮಾಡುದಿಲ್ಲ. ಅವಳಿಗೆ ಎಂತದೂ ಗೊತ್ತಿಲ್ಲ."

ನಾನು ಒಪ್ಪಿಕೊಂಡೆ. ಇದನ್ನು ಮುಚ್ಚಿಟ್ಟು ಬರೆಯಲಾರೆ. ಹೂಂ ಎಂದು ತಲೆಯಾಡಿಸಿ, ಕಡ್ಡಿಯನ್ನು ಅವರ ಕಡೆ ಚಾಚಿಯೂ ಆಗಿತ್ತು. ಆಗಲೇ ಪಕ್ಕದ ಬಾಗಿಲು ತೆರೆದು ಫ್ಲಾವಿಯಾ ಎರಡು ಲೋಟ ಚಹಾ ಹಿಡಿದುಕೊಂಡು ಬಂದರು.

ಫ್ಲಾವಿಯಾ ಕೇಳಿದ್ದು

ಅವರು ಕಡ್ಡಿ ನೋಡಿದರು. ಗಂಡನನ್ನು ನೋಡಿದರು. ಲೋಟಗಳನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟರು.

"ಅದೆಂತ ಡೆನಿಸ್?"

"ಎಂತದಿಲ್ಲ. ರೋಡಲ್ಲಿ ಬಿದ್ದದ್ದು ಸಿಕ್ಕಿಕೊಂಡಿರಬೇಕು."

ಅವರು ನನ್ನ ಕಡೆ ತಿರುಗಿದರು. "ನೀವು ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡುವವರು ಅಂತ ನಿಮ್ಮ ಅಕ್ಕ ಹೇಳಿದ್ರು. ನೀವು ಹೇಳಿ. ಈ ಕಾರಿಗೆ ತಾಗಿದ್ದು ಜಿಂಕೆಯಾ?"

ರಸ್ತೆಯಲ್ಲಿ ಬಿದ್ದ ಕಡ್ಡಿ ಸಿಕ್ಕಿಕೊಳ್ಳಬಹುದು. ಹಾಗೆ ಆಗುತ್ತದೆ. ಹಾಗೆಂದರೆ ಮುಗಿದೇಹೋಗುತ್ತಿತ್ತು. ಆ ತಾಯಿಯ ಮುಖ ನೋಡಿಕೊಂಡು ನನಗೆ ಅದನ್ನು ಹೇಳಲಾಗಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ:

"ಇಲ್ರೀ ಬಾಯಾರ. ಜಿಂಕಿ ಅಲ್ಲ."

ಫ್ಲಾವಿಯಾ ಕಿರುಚಲಿಲ್ಲ. ಮೆಟ್ಟಿಲ ಮೇಲೆ ಕೂತರು. ಅಷ್ಟರಲ್ಲಿ ಅಕ್ಕನೂ ಹೊರಗೆ ಬಂದಿದ್ದಳು. ಅವಳ ಕಡೆ ನೋಡಿಕೊಂಡು ಫ್ಲಾವಿಯಾ ಮಾತಾಡಿದರು. ಗಂಡನ ಕಡೆ ನೋಡಲಿಲ್ಲ.

"ಜುಲೈಯಲ್ಲಿ ಇಲ್ಲಿ ಒಬ್ಬನಿಗೆ ಕಾರ್ ಹೊಡೆದು ಓಡಿಹೋಯ್ತು. ಮನೆಮನೆಗೆ ಊಟ ತಲುಪಿಸುವವ, ಸೈಕಲ್ಲಲ್ಲಿ. ಎಕ್ವಡಾರ್ ದೇಶದವ. ನಮ್ಮ ಇಗರ್ಜಿಯಲ್ಲಿ ಪ್ರತಿ ಆದಿತ್ಯವಾರ ಅವನಿಗೋಸ್ಕರ ಪ್ರಾರ್ಥನೆ. ಒಂದು ಕಾಲು ತೆಗೆದಿದ್ದಾರೆ. ಮೂರು ಸಣ್ಣ ಮಕ್ಕಳು. ನಾನು ಅಡಿಗೆ ಮಾಡಿ ಅವನ ಮನೆಗೆ ಕೊಟ್ಟು ಬಂದಿದ್ದೇನೆ. ನಾಲ್ಕು ಸಲ." ನೋಡದೆಯೇ ಗಂಡನ ಕಡೆ ಕೈ ತೋರಿಸಿದರು. "ಇವರೇ ಕರ್ಕೊಂಡು ಹೋದದ್ದು. ಪಾರ್ಕಿಂಗ್ ಇಲ್ಲ ಅಂತ ಇವರು ಕಾರಲ್ಲೇ ಕೂತ್ಕೊಳ್ತಿದ್ರು."

ಆ ಮನುಷ್ಯ ನಾಲ್ಕು ಸಲ ಆ ಮನೆಯ ಮುಂದೆ, ಎಂಜಿನ್ ಆರಿಸದೆ, ಹೆಂಡತಿಯನ್ನು ಕಾಯುತ್ತ ಕೂತಿದ್ದ.

ಡೆನಿಸ್ ಗೋಡೆಗೆ ಒರಗಿದರು. "ಅವ ಸಾಯ್ಲಿಲ್ಲ ಅಲ್ವಾ," ಎಂದರು. "ಬದುಕಿದ್ದಾನೆ. ಕೆವಿನನ ಜೀವನ ಯಾಕೆ ಹಾಳಾಗ್ಬೇಕು? ನನ್ನ ಪರಿಚಯದವನ ಶೆಡ್ಡಲ್ಲಿ ರಿಪೇರಿ ಮಾಡಿಸಿದೆ. ಆ ರಾತ್ರಿ ಮನೆಗೆ ಬಂದ ಕೆವಿನನಿಗೆ, ಯಾರಿಗೂ ಹೇಳ್ಬೇಡ, ಹೋಗಿ ಮಲಗು ಅಂತ ಹೇಳಿದ್ದು ನಾನೇ."

ಫ್ಲಾವಿಯಾ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು, ಸೆರಗಿಲ್ಲದ ಆ ಉಡುಪಿನಲ್ಲಿ ಎಲ್ಲಿಡಬೇಕೆಂದು ತಿಳಿಯದೆ, ಎರಡು ಕೈಯಲ್ಲೂ ಹಿಡಿದುಕೊಂಡು ಒಳಗೆ ಹೋದರು. ಮಗನಿಗೆ ಫೋನು ಮಾಡಿದ್ದು ನಮಗೂ ಕೇಳಿಸಿತು. "ಮನೆಗೆ ಬಾ" ಎಂದರು. ಅಷ್ಟೇ.

ನಾವು ಹೊರಡಬೇಕಿತ್ತು. ಆದರೆ ಫ್ಲಾವಿಯಾ ಅಕ್ಕನ ಕೈ ಬಿಡಲಿಲ್ಲ. ಕೆವಿನ್ ಬರಲು ಒಂದೂವರೆ ಗಂಟೆಯಾಯಿತು. ಎತ್ತರದ ಹುಡುಗ, ಹೆಗಲಿಗೆ ಆಫೀಸಿನ ಚೀಲ. ಊಟದ ಮೇಜಿನ ಮೇಲೆ ಬನ್ಸಿನ ತಟ್ಟೆಯ ಪಕ್ಕ ಕಡ್ಡಿ ಇತ್ತು. ಅವನು ಅದನ್ನು ನೋಡಿ, ಚೀಲ ಇಳಿಸದೆಯೇ ಕುರ್ಚಿಯಲ್ಲಿ ಕೂತ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಕಸದ ಡಬ್ಬಿ ಎಂದುಕೊಂಡೆ ಎಂದ. ಆಮೇಲೆ ಕನ್ನಡಿಯಲ್ಲಿ ನೋಡಿದೆ ಎಂದ. ನೋಡಿದ ಮೇಲೂ ನಿಲ್ಲಿಸಲಿಲ್ಲ ಎಂದ. ಅವನು ಅಳುತ್ತಿರಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಭಾರವನ್ನು ಯಾರೋ ಕೇಳಿದರೆಂದು ಕೆಳಗಿಟ್ಟವನ ಹಾಗೆ ಕಾಣುತ್ತಿದ್ದ. ಅದೇ ನನಗೆ ಅತಿ ದೊಡ್ಡ ಆಘಾತ. ನಾನು ಆ ಬಾಗಿಲಿನಿಂದ ಒಬ್ಬ ದುಷ್ಟ ಬರುತ್ತಾನೆಂದು ಕಾಯುತ್ತಿದ್ದೆ.

ಡೆನಿಸ್ ವಕೀಲರಿಗೆ ಫೋನು ಮಾಡೋಣ ಎಂದರು.

"ಮಾಡಿ," ಎಂದರು ಫ್ಲಾವಿಯಾ, ಕೋಟು ಹಾಕಿಕೊಳ್ಳುತ್ತ. "ವಕೀಲರು ಬರಲಿ. ಆದ್ರೆ ಇವತ್ತೇ."

ಪೊಲೀಸ್ ಠಾಣೆ

ವಕೀಲರು ಬಂದ ಮೇಲೆ ಎಲ್ಲರೂ ಠಾಣೆಗೆ ಹೋದೆವು. ಕಡ್ಡಿ ತೆಗೆದವನು ನಾನಾದ್ದರಿಂದ ನಾನೂ ಹೇಳಿಕೆ ಕೊಡಬೇಕಾಯಿತು. ಅಕ್ಕ ಪಕ್ಕದಲ್ಲಿ ಕೂತು ಇಂಗ್ಲಿಷು ಮಾಡಿದಳು. ಮೇಜಿನಾಚೆ ಕೂತ ಮಹಿಳಾ ಅಧಿಕಾರಿ ನನಗೆ ಒಂದು ಲೋಟ ನೀರು ಕೊಟ್ಟು, ಸರ್ ಎಂದೇ ಮಾತಾಡಿಸಿದರು. ಆಮೇಲೆ ಕೇಳಿದರು: ಅದನ್ನು ಯಾಕೆ ಎಳೆದು ತೆಗೆದಿರಿ? ಇದ್ದಲ್ಲೇ ಬಿಡಬೇಕಿತ್ತು. ಎಳೆಯುವ ಮೊದಲು ಫೋಟೋ ತೆಗೆದಿದ್ದೇನೆ ಎಂದೆ. ಅವರು ಅದನ್ನು ನನ್ನ ಫೋನಿನಿಂದ ತಮ್ಮ ಯಂತ್ರಕ್ಕೆ ಹಾಕಿಕೊಂಡರು. ಕೊನೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು.

ಕಡ್ಡಿ ಸಿಕ್ಕಾಗ ಮೊದಲು ಯಾರಿಗೆ ತಿಳಿಸಬೇಕೆಂದುಕೊಂಡಿರಿ?

"ಏನಂತ ಹೇಳ್ಲಿ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಯಾರಿಗೂ ಇಲ್ಲ ಅಂತ ಹೇಳು," ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿ ಬರೆದುಕೊಂಡರು.

ಮರಳಿ ಜರ್ಸಿಗೆ

ಅಕ್ಕನ ಮಿನಿವ್ಯಾನಿನಲ್ಲಿ ಮನೆಯ ಕಡೆ ಹೊರಟೆವು. ಸಂಜೆಯ ವಾಹನಗಳ ಸಾಲು ಸೇತುವೆಯ ಮೇಲೆ ಅಂಗುಲ ಅಂಗುಲ ಸರಿಯುತ್ತಿತ್ತು. ಇಷ್ಟು ಗಾಡಿ ನಿಂತಿದ್ದರೂ ಒಂದು ಹಾರ್ನ್ ಇರಲಿಲ್ಲ.

"ಕಡ್ಡಿ ಅವರಿಗೆ ಕೊಡಾಕ ಹೊಂಟಿದ್ದಿ ನೀನು," ಎಂದಳು ಅಕ್ಕ. ಒಳಗಿನಿಂದ ಕಿಟಕಿಯಲ್ಲಿ ನೋಡಿದ್ದಳಂತೆ.

"ಹೂಂ."

"ನಿನ್ನ ಗ್ಯಾರೇಜಿಗೂ ಇಂಥಾ ಗಾಡಿ ಬಂದಾವೇನು?"

ಬಂದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಬೆಳಗಿನ ಹೊತ್ತು, ಬಿಳೀ ಬಣ್ಣದ ಒಂದು ಕಾರು. ಒಂದು ದೀಪ ಒಡೆದಿತ್ತು, ಬಂಪರ್ ಒಳಗೆ ಹೋಗಿತ್ತು. ಬಂಪರಿನ ಸಂದಿಯಲ್ಲಿ ಹಸಿರು ಸೀರೆಯ ಒಂದು ಗೇಣು ಅರಿವೆ ಸಿಕ್ಕಿಕೊಂಡಿತ್ತು, ಕಚ್ಚೆಯ ಸೀರೆಯ ದಪ್ಪ ಅಂಚು. ನಾನು ಅದನ್ನು ಎಳೆದು, ಟೈರು ಸುಡುವ ಬೆಂಕಿಗೆ ಹಾಕಿ, ಸಂಜೆಯೊಳಗೆ ಗಾಡಿ ಸಿದ್ಧ ಮಾಡಿಕೊಟ್ಟೆ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಸೇತುವೆಯ ಮೇಲೆ ಅಕ್ಕನಿಗೆ ಹೇಳಿದೆ.

"ಯಾರ ಗಾಡಿ?"

"ಗೊತ್ತಿಲ್ಲ. ಕೇಳಲಿಲ್ಲ."

ಅಕ್ಕ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಅಪ್ಪ ನಿನಗ ಗಾಡಿ ಬಿಚ್ಚೂದು ಕಲಿಸಿದ್ರು ಬಸೂ. ಇವತ್ತಿನ ತನಕ ನಾನು ನಿನ್ನ ನೋಡಿ ಬಾಳ ಹೊಟ್ಟೆಕಿಚ್ಚು ಪಡ್ತಿದ್ದೆ," ಎಂದಳು.

ಹುಬ್ಬಳ್ಳಿ

ಅಲ್ಲಿಯ ಸಂಗತಿ ಅಕ್ಕ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಕೆವಿನ್ ತಪ್ಪೊಪ್ಪಿಕೊಂಡಿದ್ದಾನೆ, ಶಿಕ್ಷೆ ಇನ್ನೂ ಗೊತ್ತಾಗಿಲ್ಲ. ಡೆನಿಸರ ಮೇಲೂ ಪ್ರಕರಣವಾಗಿದೆ. ಫ್ಲಾವಿಯಾ ಆ ಎಕ್ವಡಾರಿನವನ ಮನೆಗೆ ಹೋಗಿ ತಾವೇ ಹೇಳಿದರಂತೆ. ಅವನ ಹೆಂಡತಿ ಏನೂ ಅನ್ನದೆ ಬಾಗಿಲು ಹಾಕಿಕೊಂಡಳಂತೆ. ಅಕ್ಕ ಕಡೆಗೂ ಎಂಟು ಸಿಲಿಂಡರಿನ ಗಾಡಿ ಕೊಂಡಿದ್ದಾಳೆ, ಕಡು ನೀಲಿ. ಕೊಳ್ಳುವ ಮೊದಲು ಲಿಫ್ಟಿನ ಮೇಲೆ ಎತ್ತಿಸಿ, ಟಾರ್ಚು ಹಿಡಿದು ಅಡಿಭಾಗವನ್ನು ತಾನೇ ಒಂದು ಗಂಟೆ ನೋಡಿದಳಂತೆ.

ಅಕ್ಕನಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಆ ಬಿಳೀ ಕಾರು ಯಾರದೆಂದು ನನಗೆ ಗೊತ್ತಿತ್ತು. ಅದು ನನಗೆ ಶಾಲೆಯಲ್ಲಿ ಕಲಿಸಿದ ಮಾಸ್ತರರದು. ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುತ್ತಾರೆ. ಎದುರು ಸಿಕ್ಕಾಗೆಲ್ಲ ನಾನು ನಮಸ್ಕಾರ ಮಾಡುತ್ತೇನೆ, ಅವರು ತಲೆ ಬಾಗಿಸುತ್ತಾರೆ.

ಊರಿಗೆ ಬಂದ ಒಂಬತ್ತನೆಯ ದಿನ ಅವರ ಮನೆಗೆ ಹೋದೆ. ಎಂಬತ್ತು ದಾಟಿದ್ದಾರೆ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಮೆರಿಕದ ಸುದ್ದಿ ಕೇಳಿದರು. ನಾನು ಹೇಳಿದೆ, ಎಲ್ಲವನ್ನೂ, ಕಡ್ಡಿಯವರೆಗೆ. ಆಮೇಲೆ ಕೇಳಿದೆ:

"ಸರ್, ನಿಮ್ಮ ಬಿಳೀ ಕಾರು ರಿಪೇರಿಗೆ ತಂದಿದ್ರಲ್ರೀ. ಅವತ್ತು ಏನಾಗಿತ್ತು?"

ಅವರು ಬೆಚ್ಚಲಿಲ್ಲ. ಯಾವ ಕಾರು ಎನ್ನಲಿಲ್ಲ.

"ಅವತ್ತ ಯಾಕ ಕೇಳಲಿಲ್ಲೋ ನೀನು?" ಎಂದರು. "ನಿನ್ನ ಗ್ಯಾರೇಜಿನ ಬಾಕಿನ ಮ್ಯಾಲೆ ಮುಂಜಾನಿಂದ ಸಂಜಿತನಕ ಕೂತಿದ್ದೆ ನಾನು. ಅರಿವಿ ನೀ ಜಗ್ಗಿದ್ದು ನೋಡಿದೆ. ಈಗ ಕೇಳ್ತಾನ, ಈಗ ಕೇಳ್ತಾನ ಅಂತ ಕೂತಿದ್ದೆ. ಕೇಳಿದ್ರ ಹೇಳ್ತಿದ್ದೆ. ನೀ ಬಂದು, 'ಸರ್, ಹೊಸಾದರಂಗ ಆಗೇದ ನೋಡ್ರಿ' ಅಂದಿ."

ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಆ ಹಸಿರು ಸೀರಿಯಾಕಿ ಹೆಸರು ಗೊತ್ತದ ನನಗ," ಎಂದರು ಮಾಸ್ತರು. "ಊರೂ ಗೊತ್ತದ. ಗದಗ ರಸ್ತಾದಾಗ, ಒಂದು ತಾಸಿನ ಹಾದಿ. ಅಕಿ ಉಳೀಲಿಲ್ಲ, ಅಕಿ ಮಗ ಅಲ್ಲೇ ಇರ್ತಾನ. ಒಬ್ಬನಿಗೇ ಹೋಗ್ಲಿಕ್ಕೆ ಆಗಲಿಲ್ಲ ನನಗ. ಮೂರು ಸಲ ಅರ್ಧಾ ಹಾದಿ ಹೋಗಿ ತಿರುಗಿ ಬಂದೀನಿ."

ಅವರು ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ ಟೋಪಿ ಹಾಕಿಕೊಂಡು, ಬಡಿಗೆ ತೆಗೆದುಕೊಂಡು ಹೊರಗೆ ಬಂದು ನಿಂತರು. ನಾನು ಗ್ಯಾರೇಜಿಗೆ ನಡೆದು, ಗಾಡಿ ತೆಗೆದುಕೊಂಡು ಬಂದು ಅವರ ಮನೆಯ ಮುಂದೆ ನಿಲ್ಲಿಸಿದೆ. ಇಳಿದು ಅವರ ಕಡೆಯ ಬಾಗಿಲು ತೆರೆದೆ.